ರಾಬಿನ್‌ನ ಹಿತ್ತಾಳೆ ಬಿಲ್ಲೆ

ಏಪ್ರಿಕಾಟ್ ಹಣ್ಣನ್ನು ಹೆಬ್ಬೆರಳಿನಿಂದ ಎರಡು ಹೋಳು ಮಾಡಿ, ಬೀಜವನ್ನು ಒಂದು ಕಡೆ, ಹೋಳನ್ನು ಇನ್ನೊಂದು ಕಡೆ ಹಾಕುತ್ತಾ ಗ್ಲೆನಿಸ್ ಟ್ರಿಫಿಟ್ ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತಿದ್ದಳು. ಆ ದಕ್ಷಿಣದ ನಾಡಿನಲ್ಲಿ ನಡುಬೇಸಿಗೆಯಾದ ಜನವರಿಯ ಬಿಸಿಲು ಬೆನ್ನಿಗೆ ಹೊಡೆಯುತ್ತಿತ್ತು. ಆ ವರ್ಷ ಮರ ಬೇಡವೆಂದರೂ ಹಣ್ಣು ಬಿಟ್ಟಿತ್ತು. ಇವತ್ತು ಕುದಿಸಿ ಜಾಮ್ ಮಾಡದಿದ್ದರೆ ನಾಳೆಗೆ ಕೊಳೆತು ಹೋಗುವ ಹಣ್ಣು. ಮೂರನೆಯ ಬುಟ್ಟಿಗೆ ಕೈ ಹಾಕುವಾಗ ಪಕ್ಕದ ಗೇಟು ಕಿರುಗುಟ್ಟಿತು.

"ಕ್ಯಾಪ್ಟನಮ್ಮಾ, ಹಡಗು ಹತ್ತೋಕೆ ಅಪ್ಪಣೆ ಇದ್ಯಾ?"

"ಅಪ್ಪಣೆ ಕೇಳೋನು ಗೇಟು ತೆಗೆಯೋಕೆ ಮುಂಚೆ ಕೇಳ್ಬೇಕು. ಬಾ. ಕೈ ತೊಳ್ಕೊಂಡು ಬಂದು ನಾಲ್ಕು ಹಣ್ಣು ಬಿಡಿಸು."

ನೋಯೆಲ್ ಕ್ವಿಲ್ಟಿ ಕೈ ತೊಳೆಯದೆಯೇ ಬಂದು ಒಂದು ಹಣ್ಣನ್ನು ಬಾಯಿಗೆ ಹಾಕಿಕೊಂಡ. ಎಪ್ಪತ್ತೆರಡು ತುಂಬಿದ ಬಡಗಿ. ವಾರದ ದಿನಗಳಲ್ಲಿ ಹೋಬಾರ್ಟ್‌ನಲ್ಲಿ ಜನರ ಅಡಿಗೆಮನೆಗೆ ಕಪಾಟು ಮಾಡಿಕೊಡುತ್ತಿದ್ದವನು, ವಾರದ ಕೊನೆಗೆ ಮೀಸಲು ನೌಕಾಪಡೆಯ ಮುಖ್ಯ ನಾವಿಕ. ಹದಿನಾಲ್ಕು ವರ್ಷ ಗ್ಲೆನಿಸ್ ಹೇಳಿದ ಕಡೆಗೆ ಚುಕ್ಕಾಣಿ ತಿರುಗಿಸಿದವನು. ಇಬ್ಬರೂ ಸಮವಸ್ತ್ರ ಬಿಚ್ಚಿಟ್ಟು ವರ್ಷಗಳಾಗಿದ್ದರೂ ಅವಳನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದ. ಅದರಲ್ಲಿ ಅರ್ಧ ಗೌರವ, ಅರ್ಧ ಚೇಷ್ಟೆ.

"ಹಲಗೆ ಉಜ್ಜಿ ಮುಗಿಸ್ದೆ," ಎಂದು ಅವನು ಜೇಬಿನಿಂದ ಮಡಿಸಿದ ಕಾಗದ ತೆಗೆದ. "ಅಕ್ಷರ ಕೆತ್ತೋದೊಂದೇ ಬಾಕಿ. ಓದಿ ಹ್ಞೂಂ ಅನ್ನಿ. ಆಮೇಲೆ ನನ್ನ ವಯಸ್ಸು ತಪ್ಪಾಗಿ ಕೆತ್ತಿದೀಯ, ನನ್ನ ಮೂಗು ದಪ್ಪ ಮಾಡಿದೀಯ ಅಂತ ಜಗಳಕ್ಕೆ ಬರ್ಬೇಡಿ."

ಮಾರ್ಚ್ ತಿಂಗಳಲ್ಲಿ ಹೋಬಾರ್ಟ್‌ನ ನೌಕಾ ತರಬೇತಿ ಕೇಂದ್ರದ ಹೊಸ ಸಭಾಂಗಣಕ್ಕೆ ಅವಳ ಹೆಸರಿಡುವುದೆಂದು ಗೊತ್ತಾಗಿತ್ತು. ಬಾಗಿಲ ಪಕ್ಕಕ್ಕೆ ಒಂದು ಮರದ ಹಲಗೆ. ಅದರ ಮೇಲೆ ಅವಳ ಮೂವತ್ತೆಂಟು ವರ್ಷದ ಸೇವೆ ಆರು ಸಾಲಿನಲ್ಲಿ.

ಗ್ಲೆನಿಸ್ ಒದ್ದೆ ಕೈಯನ್ನು ಮಡಿಲಿಗೆ ಒರೆಸಿಕೊಂಡು ಓದಿದಳು. 1976ರಲ್ಲಿ ಮಹಿಳಾ ವಿಭಾಗಕ್ಕೆ ಬೆರಳಚ್ಚುಗಾರ್ತಿಯಾಗಿ ಸೇರಿದವರು. ಈ ಕೇಂದ್ರದಿಂದ ದೋಣಿಯೊಂದರ ನಾಯಕತ್ವ ಪಡೆದ ಮೊದಲ ಮಹಿಳೆ. 1998ರ ದುರಂತದ ನಂತರ 'ಬಿಲ್ಲೆ ಸಾಲದು, ಮುಖ ನೋಡಿ ಎಣಿಸು' ಎಂಬ ನಿಯಮ ತಂದು ಅನೇಕರ ಜೀವ ಕಾಪಾಡಿದವರು.

ಮೂರನೆಯ ಸಾಲಿಗೆ ಬಂದು ಅವಳ ಕಣ್ಣು ನಿಂತಿತು.

ಬೆರಳಚ್ಚಿಗೆ ಸೇರಿದಾಗ ಅವಳಿಗೆ ಇಪ್ಪತ್ತು. ವಾರದ ದಿನ ಶಾಲೆಯಲ್ಲಿ ಭೂಗೋಳ ಕಲಿಸುವುದು, ಮಂಗಳವಾರ ಸಂಜೆ ಕೇಂದ್ರಕ್ಕೆ ಹೋಗಿ ಗಂಡಸರು ಸಮುದ್ರದಿಂದ ಕಳಿಸಿದ ಸಂದೇಶಗಳನ್ನು ಟೈಪ್ ಮಾಡುವುದು, ಅವರಿಗೆ ಚಹಾ ಮಾಡಿಕೊಡುವುದು. ಹೆಂಗಸರು ಹಡಗು ಹತ್ತುವ ಹಾಗಿರಲಿಲ್ಲ. ಹತ್ತುವ ಹಾಗಾದಾಗ ಅವಳಿಗೆ ಮೂವತ್ತಾಗಿತ್ತು. ಮೊದಲ ಸಲ ಹತ್ತಿದ ದಿನ ಒಬ್ಬ ಅಧಿಕಾರಿ, "ಟೀಚರಮ್ಮ, ವಾಂತಿ ಬಂದ್ರೆ ಗಾಳಿ ಹೋಗೋ ಕಡೆ ಮುಖ ಮಾಡಿ," ಎಂದಿದ್ದ. ಅವಳು ವಾಂತಿ ಮಾಡಲಿಲ್ಲ. ಅವನು ಮಾಡಿದ. ಆಮೇಲೆ ಒಂದೊಂದು ಪರೀಕ್ಷೆ, ತೋಳಿಗೆ ಒಂದೊಂದು ಪಟ್ಟಿ. ಶಾಲೆಯ ರಜೆಯೆಲ್ಲ ಸಮುದ್ರಕ್ಕೆ ಹೋಯಿತು. ಗಂಡ ಏಳು ವರ್ಷ ತಾಳಿ, "ನಿಂಗೆ ಮಂಗಳವಾರಾನೂ ಶನಿವಾರಾನೂ ಸಾಕು, ನಾನ್ಯಾಕೆ," ಎಂದು ಸಮಾಧಾನದಿಂದಲೇ ಹೊರಟುಹೋದ. ನಲವತ್ತನೆಯ ವಯಸ್ಸಿಗೆ ಅವಳ ಕೈಗೆ ಒಂದು ದೋಣಿ ಬಂತು. ನೆಲಬಾಂಬು ಹುಡುಕುವಂತೆ ನೀರೊಳಗಿನ ಬಾಂಬು ಹುಡುಕಲೆಂದು ಪಡೆ ಬಾಡಿಗೆಗೆ ತಂದ ಹಳೆಯ ಮೀನುದೋಣಿ. ಹುಡುಗರು ಅದನ್ನು ಮುದುಕಿ ಎಂದು ಕರೆಯುತ್ತಿದ್ದರು.

ಮುದುಕಿಯ ಚುಕ್ಕಾಣಿ ಕೋಣೆಯ ಬಾಗಿಲ ಪಕ್ಕದಲ್ಲಿ ಒಂದು ಹಲಗೆ ಇತ್ತು. ಅದರಲ್ಲಿ ಹನ್ನೊಂದು ಮೊಳೆ, ಮೊಳೆಗೊಂದು ಹಿತ್ತಾಳೆ ಬಿಲ್ಲೆ, ಬಿಲ್ಲೆಗೊಂದು ಹೆಸರು. ಒಂದು ಮುಖ ಬಿಳಿ ಬಣ್ಣ, ಇನ್ನೊಂದು ಕೆಂಪು. ದೋಣಿಯಿಂದ ಇಳಿಯುವಾಗ ಬಿಳಿ, ಹತ್ತಿದಾಗ ಕೆಂಪು. ಹಲಗೆ ಪೂರ್ತಿ ಕೆಂಪಾಗದೆ ದೋಣಿ ಬಿಡಬಾರದು. ಅವರವರ ಬಿಲ್ಲೆ ಅವರವರೇ ತಿರುವಬೇಕು, ಇನ್ನೊಬ್ಬರು ಮುಟ್ಟಬಾರದು. ಇದು ನಿಯಮ.

ಆದರೆ ಇವರು ಮೀಸಲಿನವರು. ಒಬ್ಬ ಅಂಗಡಿ ಮುಚ್ಚಿ ಓಡಿಬರಬೇಕು, ಒಬ್ಬಳು ಮಗುವನ್ನು ಅಮ್ಮನ ಮನೆಯಲ್ಲಿ ಬಿಟ್ಟು ಬರಬೇಕು. ಹಾಗಾಗಿ ಯಾರೋ ದೋಣಿಕಟ್ಟೆಯ ತುದಿಯಲ್ಲಿ ಓಡಿಬರುತ್ತಿರುವುದು ಕಂಡರೆ, ಮೇಲಿದ್ದವರು ಅವರ ಬಿಲ್ಲೆಯನ್ನು ತಿರುವಿಬಿಡುತ್ತಿದ್ದರು. ಅದು ಗೆಳೆತನ. ಎಲ್ಲರಿಗಿಂತ ಹೆಚ್ಚು ಸಲ ಹಾಗೆ ತಿರುವಿಸಿಕೊಂಡವನು ರಾಬಿನ್ ಬ್ರಾಡ್ರಿಬ್. ಇಪ್ಪತ್ತಾರರ ಬೇಕರಿಯವನು. ಒಲೆ ಆರಿಸಿ, ಮೈಮೇಲೆ ಹಿಟ್ಟು ಹಾಗೇ ಇಟ್ಟುಕೊಂಡು, ಕೈಯಲ್ಲಿ ಬಿಸಿ ಬನ್ನಿನ ಚೀಲ ಹಿಡಿದು ಕೊನೆಗೆ ಬರುವವನು. ಆ ಬನ್ನಿಗಾಗಿ ಅವನ ಬಿಲ್ಲೆಯನ್ನು ಯಾರು ಬೇಕಾದರೂ ತಿರುವುತ್ತಿದ್ದರು.

"ಏನ್ರೀ, ಸಾಲು ಇಷ್ಟ ಆಗ್ಲಿಲ್ವಾ?" ಎಂದ ನೋಯೆಲ್.

"ಇದು ಯಾರು ಬರೆದದ್ದು?"

"ಕೇಂದ್ರದೋರು. ನಾನು ಬರೆದಿದ್ರೆ 'ಅಡಿಗೆ ಬರಲ್ಲ, ಬೈಗುಳ ಚೆನ್ನಾಗಿ ಬರುತ್ತೆ' ಅಂತ ಸೇರಿಸ್ತಿದ್ದೆ." ಅವನು ನಗುತ್ತಲೇ ಇನ್ನೊಂದು ಜೇಬಿಗೆ ಕೈ ಹಾಕಿದ. "ಇನ್ನೊಂದಿದೆ. ರಾಬಿನ್ ತಾಯಿಗೂ ಆಹ್ವಾನ ಕಳಿಸಿದ್ರಂತೆ. ಗೀವ್‌ಸ್ಟನ್ ವೃದ್ಧಾಶ್ರಮದಲ್ಲಿದಾರೆ. ಅವರಿಂದ ನಿಮ್ಮ ಹೆಸರಿಗೆ ಈ ಕಾಗದ ಬಂತು, ಕೊಟ್ಬಿಡು ಅಂದ್ರು ಕೇಂದ್ರದೋರು."

ಅಂಟಿಸಿದ ಲಕೋಟೆ. ಗ್ಲೆನಿಸ್ ಅದನ್ನು ಹರಿದಳು. ಅಕ್ಷರ ಬೇರೆ ಯಾರದೋ, ದುಂಡಗೆ ಚಿಕ್ಕ ವಯಸ್ಸಿನವರದು.

"ಕ್ಯಾಪ್ಟನ್ ಟ್ರಿಫಿಟ್ ಅವರಿಗೆ. ಸಮಾರಂಭಕ್ಕೆ ಕರೆದದ್ದು ಸಂತೋಷ. ನಾನು ಬರಲಾರೆ. ಕಣ್ಣು ಪೂರ್ತಿ ಹೋಗಿದೆ, ಆದರೆ ಅದೊಂದೇ ಕಾರಣವಲ್ಲ. ನನ್ನ ಮಗನ ಅಜಾಗರೂಕತೆ ನಿಮ್ಮಂಥವರ ಹೆಸರಿಗೆ ಮಸಿ ಬಳಿಯಬಹುದಿತ್ತು. ಅವನ ಪರವಾಗಿ ಕ್ಷಮೆ ಕೇಳಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಆಗ ನಾನು ನಿಮಗೊಂದು ಕಾಗದ ಬರೆದು ಕೇಳಬಾರದ್ದನ್ನು ಕೇಳಿದೆ. ನೀವು ಉತ್ತರ ಕೊಡಲಿಲ್ಲ. ಮೊದಲು ನನಗೆ ಸಿಟ್ಟು ಬಂದಿತ್ತು. ಮಗನ ತಪ್ಪನ್ನು ತಾಯಿಗೆ ಬರೆದು ತಿಳಿಸುವುದು ಬೇಡವೆಂದು ನೀವು ಸುಮ್ಮನಿದ್ದಿರಿ ಎಂದು ಆಮೇಲೆ ಅರ್ಥವಾಯಿತು. ಅದು ದೊಡ್ಡ ಮನಸ್ಸು. ಎನಿಡ್ ಬ್ರಾಡ್ರಿಬ್. ಬರೆದುಕೊಟ್ಟವಳು ಇಲ್ಲಿಯ ದಾದಿ ಪ್ರಿಸ್ಕಾ."

ಗ್ಲೆನಿಸ್ ಅದನ್ನು ಎರಡನೆಯ ಸಲ ಓದಲಿಲ್ಲ. ಮಡಿಸಿ ಮೆಟ್ಟಿಲ ಮೇಲಿಟ್ಟು, ಅದರ ಮೇಲೆ ಕೈ ಊರಿ ಕುಳಿತಳು.

ಎನಿಡ್‌ಳ ಮೊದಲ ಕಾಗದ ಬಂದು ಇಪ್ಪತ್ನಾಲ್ಕು ವರ್ಷವಾಗಿತ್ತು. ಅದರಲ್ಲಿದ್ದದ್ದು ನಾಲ್ಕೇ ಸಾಲು. ನನ್ನ ಮಗ ತಡವಾಗಿ ಬರುವವನು ನಿಜ, ಆದರೆ ಮರೆಗುಳಿಯಲ್ಲ. ಅವನು ದೋಣಿ ಹತ್ತಿ ಬಿಲ್ಲೆ ಕೆಂಪು ಮಾಡಿ, ಮತ್ತೆ ಹೇಳದೆ ಇಳಿದುಹೋದ ಎನ್ನುತ್ತಾರೆ. ಅದನ್ನು ಅವನೇ ತಿರುವಿದ್ದೇ? ನಿಮಗೆ ಗೊತ್ತಿರಬೇಕು, ಹೇಳಿ.

ಗೊತ್ತಿತ್ತು.

ಮಾರ್ಚ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ. ಬ್ರೂನಿ ದ್ವೀಪದ ಅಡ್ವೆಂಚರ್ ಬೇ ಎಂಬ ಕೊಲ್ಲಿಯಲ್ಲಿ ಮುದುಕಿ ಲಂಗರು ಹಾಕಿತ್ತು. ತೀರದ ಬಂಡೆಗಳ ಮೇಲೆ ನೆಟ್ಟಿದ್ದ ಗುರುತಿನ ಕೋಲುಗಳನ್ನು ಕಿತ್ತು ತರಲು ಐದು ಜನ ಎರಡು ಪುಟ್ಟ ದೋಣಿಗಳಲ್ಲಿ ಹೋಗಿದ್ದರು. ದಕ್ಷಿಣದ ಗಾಳಿ ಏಳುತ್ತಿತ್ತು. ಕತ್ತಲಾಗುವುದರೊಳಗೆ ಹೋಬಾರ್ಟ್ ಸೇರಬೇಕು, ಬೆಳಗ್ಗೆ ಎಂಟೂವರೆಗೆ ಅವಳಿಗೆ ಶಾಲೆ. ದೊಡ್ಡದರಲ್ಲಿ ನಾಲ್ವರು ಬಂದು ಹತ್ತಿ, ರಾಬಿನ್ ಚಿಕ್ಕದರಲ್ಲಿ ಹಿಂದೆಯೇ ಬರುತ್ತಿದ್ದಾನೆಂದು ಹೇಳಿ ಒಳಗೆ ಹೋದರು. ಹಲಗೆಯ ಮೇಲೆ ಒಂದೇ ಒಂದು ಬಿಳಿ ಉಳಿಯಿತು, ರಾಬಿನ್‌ನದು. ಹಿಂಭಾಗದಲ್ಲಿ ಯಾರೋ ಜೋರಾಗಿ ನಕ್ಕ ಸದ್ದು ಕೇಳಿಸಿತು. ರಾಬಿನ್ ನಗೆ ಎಂದುಕೊಂಡಳು. ಹಿಂದಕ್ಕೆ ಹೋಗಿ ನೋಡಲು ಹತ್ತು ಹೆಜ್ಜೆ ಸಾಕಿತ್ತು. ಅವಳು ಬಿಲ್ಲೆಯನ್ನು ತಿರುವಿ, "ಲಂಗರು ಎತ್ತಿ," ಎಂದಳು.

ರಾಬಿನ್ ಕೊನೆಯ ಕೋಲು ಕೀಳುತ್ತಾ ಬಂಡೆಯ ಆಚೆ ಮಗ್ಗುಲಲ್ಲಿದ್ದ. ಮುದುಕಿ ಹೊರಟದ್ದನ್ನು ಕಂಡು ಪುಟ್ಟ ದೋಣಿಯಲ್ಲಿ ಹಿಂದೆಯೇ ಹುಟ್ಟು ಹಾಕಿಕೊಂಡು ಬಂದ. ಅವನು ಬರುತ್ತಿದ್ದದ್ದನ್ನು ತೀರದ ಮೇಲೆ ನಾಯಿ ಅಡ್ಡಾಡಿಸುತ್ತಿದ್ದ ಒಬ್ಬಳು ನೋಡಿದ್ದಳು. ಕೈ ಬೀಸುತ್ತಿದ್ದನಂತೆ. ಆಟಕ್ಕೆ ಅಂದುಕೊಂಡೆ ಎಂದಳಂತೆ. ದೋಣಿಯಲ್ಲಿ ಅವನಿಲ್ಲ ಎಂದು ಇವರಿಗೆ ತಿಳಿಯುವ ಹೊತ್ತಿಗೆ ಐವತ್ತು ನಿಮಿಷವಾಗಿತ್ತು. ಅವನು ಸಿಕ್ಕಿದ್ದು ಮೂರನೆಯ ದಿನ.

ವಿಚಾರಣೆಯಲ್ಲಿ ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ. ಹೊರಡುವಾಗ ಹಲಗೆ ಹೇಗಿತ್ತು? "ಪೂರ್ತಿ ಕೆಂಪಾಗಿತ್ತು," ಎಂದಳು. ಅದರಲ್ಲಿ ಸುಳ್ಳಿನ ಒಂದಕ್ಷರವೂ ಇರಲಿಲ್ಲ. ಯಾರು ತಿರುವಿದರು ಎಂದು ಯಾರೂ ಕೇಳಲಿಲ್ಲ, ಏಕೆಂದರೆ ಅವರವರದನ್ನು ಅವರವರೇ ತಿರುವಬೇಕೆಂಬ ನಿಯಮವಿತ್ತು. ಸತ್ತವನ ತಪ್ಪು ಎಂದು ಬರೆದುಕೊಂಡರು.

ಆಮೇಲೆ ಅವಳು ಹೊಸ ನಿಯಮ ತಂದಳು. ಬಿಲ್ಲೆ ಇದ್ದರೂ ನಾಯಕರು ಪ್ರತಿಯೊಬ್ಬರ ಮುಖವನ್ನೂ ಕಣ್ಣಾರೆ ನೋಡಿ ಎಣಿಸಬೇಕು. ಮೇಲಿನವರು ಮೆಚ್ಚಿದರು. ಕಮಾಂಡರ್ ಆದಳು, ಕ್ಯಾಪ್ಟನ್ ಆದಳು, ರಾಜ್ಯದ ಮೀಸಲಿಗೆಲ್ಲ ಹಿರಿಯಳಾದಳು. ಹೊಸದಾಗಿ ಸೇರಿದವರಿಗೆ ಮೊದಲ ಮಂಗಳವಾರವೇ ಒಂದು ಪಾಠ ಇರುತ್ತಿತ್ತು. ಅದಕ್ಕೆ ಬ್ರಾಡ್ರಿಬ್ ಪಾಠ ಎಂದೇ ಹೆಸರು ಬಿದ್ದಿತು. ಒಬ್ಬನ ಅಜಾಗರೂಕತೆ ಏನು ಮಾಡಬಲ್ಲದು ನೋಡಿ ಎಂದು ಹೇಳುವ ಪಾಠ. ಹದಿನಾರು ವರ್ಷ ಅದನ್ನು ಹೇಳಿದವಳು ಅವಳೇ. ಒಂದು ಸಲ ಶೋನಾ ಎಂಬ ಹತ್ತೊಂಬತ್ತರ ಹುಡುಗಿ ಗೆಳತಿಯ ಬಿಲ್ಲೆ ತಿರುವಿ ಸಿಕ್ಕಿಬಿದ್ದಳು. "ಅವಳು ಮೆಟ್ಟಿಲ ಹತ್ರಾನೇ ಇದ್ಲು ಮೇಡಂ, ನಾನು ನೋಡ್ದೆ," ಎಂದಳು. ಗ್ಲೆನಿಸ್ ಆ ಹುಡುಗಿಯ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದಳು. ನೀನು ನೋಡಿಯಾದರೂ ತಿರುವಿದೆ ಎಂದು ಬಾಯಿಯವರೆಗೆ ಬಂದ ಮಾತನ್ನು ನುಂಗಿಕೊಂಡಳು.

"ಮುಖ ಯಾಕೆ ಹೀಗಾಯ್ತು?" ನೋಯೆಲ್ ಹಣ್ಣು ಬಿಡಿಸುವುದನ್ನು ನಿಲ್ಲಿಸಿದ. "ರಾಬಿನ್ ತಾಯಿ ಬೈದಿದಾರಾ?"

"ಬೈದಿದ್ರೆ ಚೆನ್ನಾಗಿತ್ತು. ಕ್ಷಮೆ ಕೇಳಿದಾರೆ."

ಅವನು ಕಾಗದ ತೆಗೆದು, ಕನ್ನಡಕವನ್ನು ಹಣೆಯಿಂದ ಇಳಿಸಿ, ನಿಧಾನವಾಗಿ ಓದಿದ. ಓದಿ ಮುಗಿದರೂ ಕಾಗದದಿಂದ ಕಣ್ಣೆತ್ತಲಿಲ್ಲ.

"ನೋಯೆಲ್, ಆ ಬಿಲ್ಲೆ ಅವನು ತಿರುವಲಿಲ್ಲ."

"ಗೊತ್ತು."

"ನಾನು ತಿರುವಿದ್ದು."

"ಗೊತ್ತು ಅಂದ್ನಲ್ಲ. ನಾನು ಚುಕ್ಕಾಣಿ ಹತ್ರ ಇದ್ದೆ. ನಿಮ್ಮ ಕೈ ನೋಡ್ದೆ."

ಪಕ್ಕದ ಮನೆಯಲ್ಲಿ ಯಾರೋ ಹುಲ್ಲು ಕತ್ತರಿಸುವ ಯಂತ್ರ ಶುರುಮಾಡಿದರು. ಅದು ಎರಡು ಸಲ ಕೆಮ್ಮಿ ನಿಂತಿತು.

"ಇಪ್ಪತ್ನಾಲ್ಕು ವರ್ಷ," ಎಂದಳು ಗ್ಲೆನಿಸ್. "ಒಂದು ಮಾತು ಹೇಳ್ಬಾರ್ದಿತ್ತೇನೋ."

"ನೀವು ಹೇಳ್ತೀರಿ ಅಂತ ಕಾದೆ. ವಿಚಾರಣೆ ದಿನ ಕಾದೆ. ಆಮೇಲೆ ಕಾಯೋದೇ ರೂಢಿ ಆಗೋಯ್ತು." ಅವನ ದನಿಯಲ್ಲಿ ಚೇಷ್ಟೆ ಇರಲಿಲ್ಲ. "ನಾನೇನು ಸಾಚಾನಾ? ಆ ತಿಂಗಳು ಅವನ ಬಿಲ್ಲೆ ನಾನೇ ಎರಡು ಸಲ ತಿರುವಿದ್ದೆ. ಅದನ್ನ ನೀವು ಮಾಡಿದ್ರಿ ಅಂತ ಹೇಳೋಕೆ ಬಾಯಿ ಬರಲಿಲ್ಲ."

"ನಾನು ಈಗ ಅವರಿಗೆ ಬರೀತೀನಿ."

"ಬೇಡ ಕಣ್ರೀ." ಅವನು ಕಾಗದವನ್ನು ಮಡಿಸಿದ. "ಎಂಬತ್ತೆಂಟು ವಯಸ್ಸು. ಹೇಗೋ ಒಂದು ಸಮಾಧಾನ ಮಾಡ್ಕೊಂಡಿದಾರೆ. ಅದನ್ನೂ ಕಿತ್ಕೊಂಡು ಏನ್ ಕೊಡ್ತೀರಿ? ನಿಮ್ಮ ಹೊಟ್ಟೆಯೊಳಗಿನ ಭಾರ ತೆಗೆದು ಅವರ ಎದೆ ಮೇಲೆ ಇಡ್ತೀರಿ, ಅಷ್ಟೇ."

ಇಷ್ಟು ವರ್ಷ ಗ್ಲೆನಿಸ್ ತನಗೆ ತಾನೇ ಹೇಳಿಕೊಂಡು ಬಂದದ್ದೂ ಇದೇ ಮಾತು. ಇನ್ನೊಬ್ಬರ ಬಾಯಿಂದ ಕೇಳಿದಾಗಲೇ ಅದು ಎಷ್ಟು ಅನುಕೂಲದ ಮಾತು ಎಂದು ತಿಳಿದದ್ದು.

"ಹಲಗೆ ಕೆತ್ತಬೇಡ," ಎಂದಳು.

"ಕೆತ್ತಲ್ಲ. ಕೇಂದ್ರದೋರು ಕೇಳಿದ್ರೆ?"

"ಅವರಿಗೂ ಬರೀತೀನಿ."

ನೋಯೆಲ್ ಎದ್ದ. ಗೇಟಿನವರೆಗೆ ಹೋಗಿ, ಅದನ್ನು ಹಿಡಿದು ನಿಂತು, "ನನ್ನ ಹೆಸರೂ ಬರೀರಿ," ಎಂದ. "ನೋಡ್ದೆ ಅಂತ." ಆಮೇಲೆ ಹೊರಟುಹೋದ.

ಮರುದಿನ ಬೆಳಗ್ಗೆ ಕೇಂದ್ರಕ್ಕೆ ಬರೆಯಬೇಕಾದ ಕಾಗದ ಹತ್ತು ನಿಮಿಷದಲ್ಲಿ ಮುಗಿಯಿತು. ದಿನಾಂಕ, ಸ್ಥಳ, ನಡೆದದ್ದು, ಸಹಿ. ಅಂಥ ಕಾಗದ ಬರೆಯುವುದೇ ಅವಳ ಬದುಕಾಗಿತ್ತು. ಎನಿಡ್‌ಳಿಗೆ ಬರೆಯಬೇಕಾದದ್ದನ್ನು ಶುರುಮಾಡಿದಾಗ ಕೈ ನಿಂತಿತು. ಸನ್ನಿವೇಶ ಹೀಗಿತ್ತು ಎಂದು ಬರೆದು ಹೊಡೆದುಹಾಕಿದಳು. ಗಾಳಿ ಜೋರಾಗಿತ್ತು ಎಂದು ಬರೆದು ಹೊಡೆದುಹಾಕಿದಳು. ನಮ್ಮಲ್ಲಿ ಎಲ್ಲರೂ ಹಾಗೆ ಮಾಡುತ್ತಿದ್ದೆವು ಎಂಬುದನ್ನೂ ಹೊಡೆದುಹಾಕಿದಳು. ಹೀಗೆ ಎರಡು ದಿನ ಹೋಯಿತು.

ಮೂರನೆಯ ದಿನ ವೃದ್ಧಾಶ್ರಮಕ್ಕೆ ಫೋನ್ ಮಾಡಿ ಪ್ರಿಸ್ಕಾಳನ್ನು ಕೇಳಿದಳು. ಹುಡುಗಿಯ ದನಿ ಚುರುಕಾಗಿತ್ತು.

"ಎನಿಡ್ ಅಜ್ಜಿಗಾ? ಬರೀರಿ, ಬರೀರಿ. ಅವರಿಗೆ ಕಾಗದ ಬರೋದೇ ಇಲ್ಲ. ಮಧ್ಯಾಹ್ನ ಟೀ ಆದ್ಮೇಲೆ ನಾನೇ ಓದಿ ಹೇಳ್ತೀನಿ. ದೊಡ್ಡ ದೊಡ್ಡ ಪದ ಹಾಕ್ಬೇಡಿ ಆಯ್ತಾ, ನಾನು ತೊದಲ್ತೀನಿ, ಅವರು ಬೈತಾರೆ."

"ಆರೋಗ್ಯ ಹೇಗಿದೆ ಅವರದು?"

"ಹೃದಯ ಸೋತಿದೆ. ಡಾಕ್ಟ್ರು ಚಳಿಗಾಲ ಕಾಣಲ್ಲ ಅಂತಾರೆ. ಬಾಯಿ ಮಾತ್ರ ಗಟ್ಟಿ."

"ಮಗನ ಬಗ್ಗೆ ಮಾತಾಡ್ತಾರಾ?"

"ಫೋಟೋ ಇದೆ, ಡ್ರಾಯರ್ ಒಳಗೆ ಬೋರಲಾಗಿ. ಹೊರಗಿಡ್ಲಾ ಅಂದ್ರೆ ಬೇಡ ಅಂತಾರೆ. 'ಹೊರಗೆ ಹೋಗುವಾಗ ಹೇಳಿ ಹೋಗು ಅಂತ ಕಲಿಸಿದ್ದೆ, ಅಷ್ಟೂ ಕಲೀಲಿಲ್ಲ ಅವನು' ಅಂತಾರೆ. ಇಷ್ಟು ವರ್ಷ ಆದ್ರೂ ಸಿಟ್ಟು ನೋಡಿ. ಯಾಕಮ್ಮಾ, ಏನಾದ್ರೂ ಕೆಟ್ಟ ಸುದ್ದಿನಾ? ಓದಬೇಕಾದೋಳು ನಾನು, ಅದಕ್ಕೆ ಕೇಳ್ದೆ."

"ಹಳೇ ಸುದ್ದಿ," ಎಂದಳು ಗ್ಲೆನಿಸ್. ಆಮೇಲೆ ಫೋನ್ ಇಟ್ಟಳು.

ಅಂದರೆ ಸಮಾಧಾನ ಎಂಬುದು ಇರಲೇ ಇಲ್ಲ. ಅವಳು ಸುಮ್ಮನಿದ್ದ ಒಂದೊಂದು ವರ್ಷವೂ ಆ ಡ್ರಾಯರ್ ಮುಚ್ಚಿಯೇ ಇತ್ತು. ಈಗ ಕಾಗದ ಹೋದರೆ, ತಪ್ಪಿಲ್ಲದ ಮಗನ ಮೇಲೆ ಇಷ್ಟು ವರ್ಷ ಸಿಟ್ಟು ಸಾಧಿಸಿದೆ ಎಂಬುದನ್ನು ಹೊತ್ತು ಆ ತಾಯಿ ಸಾಯಬೇಕು. ಹೋಗದಿದ್ದರೆ ಸಿಟ್ಟನ್ನೇ ಹೊತ್ತು ಸಾಯಬೇಕು. ಹತ್ತು ವರ್ಷದ ಹಿಂದೆ ಬರೆದಿದ್ದರೆ ಅಳಲು, ಬೈಯಲು, ಫೋಟೋ ಹೊರಗಿಟ್ಟು ನೋಡಲು ಕಣ್ಣಾದರೂ ಇತ್ತು. ಆ ಹತ್ತು ವರ್ಷವನ್ನು ಗ್ಲೆನಿಸ್ ಎಲ್ಲಿಂದಲೂ ತಂದುಕೊಡಲಾರಳು. ತನಗೆ ಹಗುರಾಗುತ್ತದೆಂಬ ಆಸೆಯೂ ಅವಳಿಗೆ ಉಳಿದಿರಲಿಲ್ಲ. ರಾಬಿನ್ ಬಿಲ್ಲೆ ತಿರುವಲಿಲ್ಲ ಎಂಬ ಸತ್ಯ ರಾಬಿನ್‌ನದು, ತನ್ನದಲ್ಲ; ಅವನದನ್ನು ತಾನು ಇಟ್ಟುಕೊಂಡಿದ್ದಳು, ಹಿಂದಕ್ಕೆ ಕೊಡಬೇಕು. ಅಷ್ಟು ಮಾತ್ರ ಸ್ಪಷ್ಟವಾಗಿತ್ತು.

ಮೇಜಿನ ಮುಂದೆ ಕುಳಿತು, ಪ್ರಿಸ್ಕಾಳ ನಾಲಿಗೆಗೆ ಎಟುಕುವಂಥ ಸಣ್ಣ ಸಣ್ಣ ಮಾತುಗಳಲ್ಲಿ ಬರೆದಳು.

"ಎನಿಡ್ ಅವರಿಗೆ. ನೀವು 1998ರಲ್ಲಿ ಕೇಳಿದ್ದಕ್ಕೆ ಉತ್ತರ ಇದು. ರಾಬಿನ್ ತನ್ನ ಬಿಲ್ಲೆಯನ್ನು ತಿರುವಲಿಲ್ಲ. ಅವನು ದೋಣಿ ಹತ್ತಲೇ ಇಲ್ಲ. ಅವನು ದಡದಲ್ಲಿ ತನಗೆ ಹೇಳಿದ ಕೆಲಸ ಮಾಡುತ್ತಿದ್ದ. ಬಿಲ್ಲೆ ತಿರುವಿದವಳು ನಾನು. ಅವನಿದ್ದಾನೆಯೇ ಎಂದು ನಾನು ನೋಡಲಿಲ್ಲ. ಅವನನ್ನು ಬಿಟ್ಟು ಹೊರಟವಳು ನಾನು. ಅವನು ನಮ್ಮ ಹಿಂದೆ ಬರಲು ನೋಡಿದ. ನಾನು ಇದನ್ನು ಯಾರಿಗೂ ಹೇಳಲಿಲ್ಲ. ತಪ್ಪು ಅವನದೆಂದು ಬರೆಯಲು ಬಿಟ್ಟೆ. ನಾನು ಸುಮ್ಮನಿದ್ದದ್ದು ದೊಡ್ಡ ಮನಸ್ಸಿನಿಂದಲ್ಲ, ನನ್ನ ಸ್ಥಾನ ಹೋಗುತ್ತದೆಂಬ ಹೆದರಿಕೆಯಿಂದ. ನೋಯೆಲ್ ಕ್ವಿಲ್ಟಿ ನಾನು ತಿರುವಿದ್ದನ್ನು ನೋಡಿದ್ದಾನೆ, ತನ್ನ ಹೆಸರನ್ನೂ ಬರೆಯಿರಿ ಎಂದಿದ್ದಾನೆ. ನಿಮ್ಮ ಮಗ ಅಜಾಗರೂಕನಲ್ಲ. ನೀವು ಕ್ಷಮೆ ಕೇಳಬೇಕಾದದ್ದು ಏನೂ ಇಲ್ಲ. ನಾನು ಕ್ಷಮೆ ಕೇಳಿದರೆ ನೀವು ಕೊಡಬೇಕೆಂದೂ ಇಲ್ಲ. ಗ್ಲೆನಿಸ್ ಟ್ರಿಫಿಟ್."

ಕ್ಯಾಪ್ಟನ್ ಎಂದು ಬರೆಯಲಿಲ್ಲ. ಗಟ್ಟಿಯಾಗಿ ಒಮ್ಮೆ ಓದಿ ನೋಡಿದಳು. ಓದಲು ಎರಡು ನಿಮಿಷವೂ ಹಿಡಿಯಲಿಲ್ಲ.

ಅವಳ ಊರಾದ ಸಿಗ್ನೆಟ್‌ನ ಅಂಚೆ ಕಚೇರಿಯಲ್ಲಿ ಅವಳ ಮುಂದೆ ಇಬ್ಬರಿದ್ದರು. ಒಬ್ಬಾತ ಮೀನುಬಲೆ ತರಿಸಿಕೊಂಡು ಅಳತೆ ತಪ್ಪಾಯಿತೆಂದು ವಾಪಸು ಕಳಿಸುತ್ತಿದ್ದ. ಕೌಂಟರಿನ ಹಿಂದಿದ್ದ ಮರ್ನಾ ಅವಳ ಹಳೆಯ ವಿದ್ಯಾರ್ಥಿನಿ.

"ಓ, ಮಿಸ್. ಸಭಾಂಗಣಕ್ಕೆ ನಿಮ್ಮ ಹೆಸರಂತೆ, ಪೇಪರಲ್ಲಿ ಬಂದಿತ್ತು. ನಮ್ಮಮ್ಮ ಕತ್ತರಿಸಿ ಇಟ್ಕೊಂಡಿದಾಳೆ."

"ಬಿಸಾಕೋಕೆ ಹೇಳು."

"ನಿಮ್ಮದು ಯಾವಾಗ್ಲೂ ಹೀಗೇ." ಮರ್ನಾ ಎರಡು ಲಕೋಟೆಗಳನ್ನೂ ತಿರುಗಿಸಿ ನೋಡಿದಳು. "ಹೋಬಾರ್ಟು, ಗೀವ್‌ಸ್ಟನ್ನು. ಗೀವ್‌ಸ್ಟನ್ ಇಲ್ಲೇ ಪಕ್ಕದಲ್ಲಿ, ಕಾರಲ್ಲಿ ಹೋದ್ರೆ ಮುಕ್ಕಾಲು ಗಂಟೆ. ನೀವೇ ಕೊಟ್ಟು ಬರ್ಬೋದಲ್ಲ ಮಿಸ್?"

ಗ್ಲೆನಿಸ್ ಇಲ್ಲವೆಂದು ತಲೆಯಾಡಿಸಿದಳು.

"ಸರಿ, ಇಂದಿನ ಟಪಾಲಿಗೇ ಹೋಗುತ್ತೆ. ನಾಡಿದ್ದು ಅವರ ಕೈಯಲ್ಲಿರುತ್ತೆ. ಅರ್ಜೆಂಟಾ?"

"ಹೌದು," ಎಂದಳು ಗ್ಲೆನಿಸ್.

ಮರ್ನಾ ಮುದ್ರೆ ಒತ್ತಿ, ಲಕೋಟೆಗಳನ್ನು ಹಿಂದಿನ ಚೀಲಕ್ಕೆ ಹಾಕಿ, ಅವಳ ಭುಜದಾಚೆ ನೋಡುತ್ತಾ ಮುಂದಿನವರನ್ನು ಕರೆದಳು.